ನೀರೇ ಇಲ್ಲದ ಏರಿಯ ಕೆಳಗೆ ಮನೆ ತಗೋಬಹುದಾ?

ಪ್ರಶ್ನೆ: ನಾವು ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈಗ ಕೊಳ್ಳಲು ಒಂದು ಮನೆ ನೋಡಿದ್ದೇವೆ. ಅದರಿಂದ ಅರ್ಧ ಮೈಲಿ ಮೇಲೆ, ಬ್ರಶಿ ಕ್ರೀಕ್‌ಗೆ ಸೇರುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದ್ದಾರೆ. ಶಿರಾ ಕಡೆಯಿಂದ ಬಂದಿರುವ ನಮ್ಮ ತಂದೆ ಅದನ್ನು ನೋಡಿದವರೇ ತಕರಾರು ತೆಗೆದಿದ್ದಾರೆ. "ಇಷ್ಟು ದೊಡ್ಡ ಏರಿ ಕಟ್ಟಿ ನೀರು ನಿಲ್ಲಿಸಿಲ್ಲ. ಒಂದು ಗೇಟೂ ಇಲ್ಲ. ಬುಡದಲ್ಲಿ ಒಂದು ಕಡೆ ತೇವ ಇದೆ. ಇದರ ಕೆಳಗೆ ಮನೆ ಬೇಡ" ಅನ್ನುತ್ತಾರೆ. ಏಜೆಂಟ್ ಹೇಳುವುದು, "ಅರವತ್ತು ವರ್ಷದಿಂದ ಏನೂ ಆಗಿಲ್ಲ." ಯಾರ ಮಾತು ಕೇಳಬೇಕು? ಹಾಗೇ ಇನ್ನೊಂದು. ನಮ್ಮೂರಲ್ಲೂ ಕೆಲವು ವರ್ಷ ಹಳ್ಳ ಉಕ್ಕಿ ಹೊಲ ಕೊಚ್ಚಿಹೋಗುತ್ತದೆ. ಇಂಥದ್ದನ್ನು ಅಲ್ಲಿ ಕಟ್ಟಬಹುದಾ?

ಉತ್ತರ: ನಿಮ್ಮ ತಂದೆಯವರ ಮೂರು ತಕರಾರುಗಳಲ್ಲಿ ಎರಡಕ್ಕೆ ಸುಲಭವಾಗಿ ಸಮಾಧಾನ ಹೇಳಬಹುದು. ಮೂರನೆಯದು, ಆ ತೇವದ ವಿಷಯ, ತಳ್ಳಿಹಾಕುವಂಥದ್ದಲ್ಲ. ಏಜೆಂಟ್ ಮಾತು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಒಂದೊಂದಾಗಿ ನೋಡೋಣ.

ಶಿರಾ ಕಡೆಯವರಿಗೆ ಖಾಲಿ ಕೆರೆ ಅಂದರೆ ಹೊಟ್ಟೆ ಉರಿಯುವ ವಿಷಯ. ಏರಿ ಇರುವುದೇ ನೀರು ನಿಲ್ಲಿಸಲಿಕ್ಕೆ, ಅಲ್ವಾ? ಆದರೆ ಬ್ರಶಿ ಕ್ರೀಕಿನ ಈ ಏರಿಯನ್ನು ಕಟ್ಟಿದವರ ಲೆಕ್ಕವೇ ಬೇರೆ. ವರ್ಷದಲ್ಲಿ ಮುನ್ನೂರೈವತ್ತು ದಿನ ಅದರ ಹಿಂದೆ ಜಾಗ ಖಾಲಿ ಇರಬೇಕು. ಜೋರು ಮಳೆ ಬಂದ ದಿನ ಆ ಜಾಗ ತುಂಬಬೇಕು. ಆಮೇಲೆ ನಾಲ್ಕೈದು ದಿನದಲ್ಲಿ ನಿಧಾನವಾಗಿ ಮತ್ತೆ ಬರಿದಾಗಬೇಕು. ಮೊದಲೇ ನೀರು ತುಂಬಿಸಿಟ್ಟುಕೊಂಡರೆ ಪ್ರವಾಹ ಬಂದ ದಿನ ಅದಕ್ಕೆ ಜಾಗ ಎಲ್ಲಿ?

ಗೇಟ್ ಇಲ್ಲದ್ದೂ ಇದೇ ಕಾರಣಕ್ಕೆ. ಏರಿಯ ಹಿಂದಿನ ಚಿಕ್ಕ ಹೊಂಡದಲ್ಲಿ ಒಂದು ಕಾಂಕ್ರೀಟ್ ಗೋಪುರ ನಿಂತಿರುತ್ತದೆ, ತಲೆಯ ಮೇಲೆ ಕಬ್ಬಿಣದ ಜಾಲರಿ ಹೊತ್ತುಕೊಂಡು. ನಿಮ್ಮ ತಂದೆಯವರಿಗೆ ಅದನ್ನು ತೋರಿಸಿ. ನಮ್ಮ ಕೆರೆಯ ತೂಬಿನ ದೂರದ ನೆಂಟ ಅದು. ನೀರು ಗೋಪುರದ ಬಾಯಿಯ ಮಟ್ಟಕ್ಕೆ ಬಂದ ಕೂಡಲೇ ಒಳಗೆ ಬೀಳುತ್ತದೆ, ಏರಿಯ ಅಡಿಯಲ್ಲಿ ಹಾಯ್ದುಹೋಗುವ ಕೊಳವೆಯಲ್ಲಿ ಆಚೆ ಬರುತ್ತದೆ. ಯಾರೂ ಬೀಗ ತೆಗೆಯಬೇಕಾಗಿಲ್ಲ, ಚಕ್ರ ತಿರುಗಿಸಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಮಳೆ ಸುರಿದರೂ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಹಳ್ಳಿಗಾಡಿನಲ್ಲಿ, ಹತ್ತಿರ ಯಾರೂ ಇಲ್ಲದ ಕಡೆ ಕಟ್ಟುವ ಡ್ಯಾಂಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ರಿಪೇರಿಗೆ ನೀರು ಬಸಿದುಬಿಡಲು ಕೆಳಮಟ್ಟದಲ್ಲಿ ಒಂದು ಸಣ್ಣ ಗೇಟ್ ಇರುವುದುಂಟು. ಪ್ರವಾಹಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದು ಅಂದಾಜು ಲೆಕ್ಕ ಹಾಕೋಣ. ಏರಿಯ ಮೇಲ್ಗಡೆ 10 ಚದರ ಕಿಲೋಮೀಟರ್ ಜಮೀನಿನ ನೀರು ಈ ಹಳ್ಳಕ್ಕೆ ಬರುತ್ತದೆ ಅಂದುಕೊಳ್ಳಿ. ಭಾರಿ ಮಳೆಯಲ್ಲಿ ನೆಲ ಕುಡಿದು ಉಳಿದ 125 ಮಿಲಿಮೀಟರ್ ಹರಿದು ಬಂತು. ಅಂದರೆ ಹನ್ನೆರಡೂವರೆ ಲಕ್ಷ ಘನ ಮೀಟರ್ ನೀರು. ಏರಿ ಇಲ್ಲದಿದ್ದರೆ ಅಷ್ಟೂ ನಾಲ್ಕು ಗಂಟೆಯಲ್ಲಿ ಹಾದುಹೋಗುತ್ತದೆ. ಅದರ ನೆತ್ತಿಯಲ್ಲಿ ಸೆಕೆಂಡಿಗೆ ಸುಮಾರು 170 ಘನ ಮೀಟರ್ ಹರಿವು. ಅಂಥ ಹಳ್ಳ ಕಾರನ್ನು ಬೆಂಕಿಪೊಟ್ಟಣದಂತೆ ಎತ್ತಿಕೊಂಡು ಹೋಗುತ್ತದೆ. ಏರಿ ಇದ್ದು, ಅದರಡಿ 75 ಸೆಂಟಿಮೀಟರ್ ಅಗಲದ ಒಂದೇ ಕೊಳವೆ ಇದ್ದರೆ ಕೆಳಗೆ ಬರುವುದು ಸೆಕೆಂಡಿಗೆ 3 ಘನ ಮೀಟರ್ ಆಸುಪಾಸು. ನೀರಿನ ಮೊತ್ತ ಅಷ್ಟೇ. ಆದರೆ ನಾಲ್ಕು ಗಂಟೆಯ ಅಬ್ಬರ ಐದು ದಿನದ ಸಾದಾ ಹರಿವಾಗಿ ಕೆಳಗಿಳಿಯುತ್ತದೆ. ಈ ಡ್ಯಾಂಗಳ ವಿನ್ಯಾಸದಲ್ಲಿ ಹತ್ತು ದಿನದೊಳಗೆ ಜಾಗ ಮತ್ತೆ ಖಾಲಿಯಾಗಬೇಕು ಅನ್ನುವ ಕಟ್ಟಳೆ ಇದೆ. ಒಂದರ ಬೆನ್ನಿಗೆ ಇನ್ನೊಂದು ಮಳೆ ಬಂದರೆ ಅನ್ನುವ ಯೋಚನೆ.

ಅದನ್ನೂ ಮೀರಿದ ಮಳೆ ಬಂದರೆ? ಅದಕ್ಕೆ ಏರಿಯ ಒಂದು ಪಕ್ಕದಲ್ಲಿ ಕೋಡಿ ಇರುತ್ತದೆ. ಕಲ್ಲು ಕಟ್ಟಡದ ಕೋಡಿಯನ್ನು ನೋಡಿ ಅಭ್ಯಾಸ ಇರುವವರಿಗೆ ಅದು ಕೋಡಿ ಅಂತ ಹೊಳೆಯುವುದೂ ಇಲ್ಲ. ಅಗಲವಾದ, ಹುಲ್ಲು ಬೆಳೆದ, ಫುಟ್‌ಬಾಲ್ ಆಡಲು ಹೇಳಿಮಾಡಿಸಿದಂಥ ಜಾಗ. ಹಲವು ದಶಕಗಳಲ್ಲಿ ಒಮ್ಮೆ ಅದರಲ್ಲಿ ನೀರು ಹರಿಯಬಹುದು. ಆ ದಿನ ಅಲ್ಲಿ ಬೇಲಿ, ಶೆಡ್ಡು, ಮಣ್ಣಿನ ಗುಡ್ಡೆ ಏನೂ ಇರಬಾರದು.

ಇಂಥವನ್ನು ಯಾಕೆ, ಯಾರು ಕಟ್ಟಿದರು ಅನ್ನುವುದು ನಿಮ್ಮ ಮನೆ ವ್ಯವಹಾರಕ್ಕೂ ಬೇಕಾದ ಸಂಗತಿ. ನೀವಿರುವ ವಿಲಿಯಮ್ಸನ್ ಕೌಂಟಿಯಲ್ಲೇ ಥ್ರಾಲ್ ಅಂತ ಒಂದು ಪುಟ್ಟ ಊರಿದೆ. 1921ರ ಸೆಪ್ಟೆಂಬರ್ 9 ಮತ್ತು 10ರಂದು ಅಲ್ಲಿ 24 ಗಂಟೆಯಲ್ಲಿ 38 ಇಂಚು, ಅಂದರೆ 970 ಮಿಲಿಮೀಟರ್ ಮಳೆ ಬಿತ್ತು. ಶಿರಾದಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ. ಆ ಮಳೆ, ಪ್ರವಾಹಕ್ಕೆ ಟೆಕ್ಸಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಮಳೆ ದಾಖಲೆಗಳ ಮಾತು ಬಂದಾಗಲೆಲ್ಲ ಥ್ರಾಲ್ ಹೆಸರು ಇವತ್ತಿಗೂ ಬರುತ್ತದೆ. ಸುಣ್ಣಕಲ್ಲಿನ ಗುಡ್ಡಗಳು ಮುಗಿದು ಬಯಲು ಶುರುವಾಗುವ ಸೀಮೆ ನಿಮ್ಮದು. ಗಲ್ಫ್ ಸಮುದ್ರದ ತೇವಗಾಳಿ ಬಂದು ಅಲ್ಲೇ ಸುರಿಯುತ್ತದೆ. ಗುಡ್ಡದ ಕಡೆ ಮಣ್ಣಿನ ಪದರ ತೆಳು, ಹಳ್ಳಗಳು ಕಡಿದಾದವು. 2025ರ ಜುಲೈನಲ್ಲಿ ಅದೇ ಸೀಮೆಯ ಗ್ವಾಡಲೂಪ್ ನದಿ ಒಂದೇ ರಾತ್ರಿಯಲ್ಲಿ ಏನು ಮಾಡಿತು ಅಂತ ನೀವೇ ಹತ್ತಿರದಿಂದ ನೋಡಿದ್ದೀರಿ.

1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಮಣ್ಣೆಲ್ಲ ಧೂಳಾಗಿ ಹಾರಿಹೋಯಿತಲ್ಲ, ಆಗ ಹುಟ್ಟಿದ್ದು ಮಣ್ಣು ಸಂರಕ್ಷಣೆಯ ಇಲಾಖೆ. ಅದರ ಮೊದಲ ಮುಖ್ಯಸ್ಥ ಹ್ಯೂ ಹ್ಯಾಮಂಡ್ ಬೆನೆಟ್. ದೊಡ್ಡ ನದಿಗೆ ದೊಡ್ಡ ಡ್ಯಾಂ ಕಟ್ಟುವುದು ಸೇನೆಯ ಎಂಜಿನಿಯರುಗಳ ಕೆಲಸವಾಗಿತ್ತು. ಹಳ್ಳದ ದಂಡೆಯ ರೈತನ ಹತ್ತಿ, ಜೋಳ ಕೊಚ್ಚಿಹೋಗುವುದಕ್ಕೆ ಕೇಳುವವರಿರಲಿಲ್ಲ. ಮಣ್ಣಿನ ಇಲಾಖೆ ಅದನ್ನು ಕೈಗೆತ್ತಿಕೊಂಡಿತು. ಮೊದಲು ಹೊಲಗಳಲ್ಲಿ ಬದು ಹಾಕು, ಹುಲ್ಲು ಬೆಳೆಸು. ಅದಕ್ಕೂ ಮೀರಿ ಹರಿದ ನೀರನ್ನು ತಲೆಹಳ್ಳಗಳಲ್ಲಿ ಸಣ್ಣ ಸಣ್ಣ ಏರಿ ಕಟ್ಟಿ ಹಿಡಿ. 1944ರ ಪ್ರವಾಹ ನಿಯಂತ್ರಣ ಕಾಯ್ದೆಯಡಿ ಇಂಥ ಮೊದಲ ಡ್ಯಾಂ 1948ರಲ್ಲಿ ಒಕ್ಲಹೋಮಾದ ಕಾರ್ಡೆಲ್ ಹತ್ತಿರ ಕ್ಲೌಡ್ ಕ್ರೀಕ್‌ನಲ್ಲಿ ಮುಗಿಯಿತು. 1954ರ ಇನ್ನೊಂದು ಕಾಯ್ದೆ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು. ಇವತ್ತು ಇಂಥವು 47 ರಾಜ್ಯಗಳಲ್ಲಿ 11,800ಕ್ಕೂ ಹೆಚ್ಚಿವೆ. ಒಕ್ಲಹೋಮಾದಲ್ಲಿ ಎರಡು ಸಾವಿರ ದಾಟಿವೆ, ಟೆಕ್ಸಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಬ್ರಶಿ ಕ್ರೀಕಿನ ಮೇಲ್ಭಾಗದ 23 ಡ್ಯಾಂಗಳೂ ಈ ಬಳಗದವೇ. ಸೀಡರ್ ಪಾರ್ಕ್‌ನಲ್ಲಿ ಜನ ದೋಣಿ ಬಿಡುವ ಬ್ರಶಿ ಕ್ರೀಕ್ ಲೇಕ್ ಇದೆಯಲ್ಲ, ಅದು ಏಳನೇ ನಂಬರಿನದು. ಅಲ್ಲಿ ಹಿಂದಿನ ಹೊಂಡವೇ ದೊಡ್ಡದು, ಪ್ರವಾಹಕ್ಕೆ ಬಿಟ್ಟ ಖಾಲಿ ಜಾಗ ಅದರ ಮೇಲಿನದು.

ಕಟ್ಟಲು ಜಮೀನು ಹೇಗೆ ಸಿಕ್ಕಿತು ಅನ್ನುವುದು ಸ್ವಾರಸ್ಯದ ಸಂಗತಿ. ಸರ್ಕಾರ ಭೂಮಿ ವಶಪಡಿಸಿಕೊಳ್ಳಲಿಲ್ಲ. ಹೆಚ್ಚಿನ ಕಡೆ ರೈತರು "ಪ್ರವಾಹ ಬಂದಾಗ ನನ್ನ ಈ ಜಾಗದಲ್ಲಿ ನೀರು ನಿಲ್ಲಿಸಿಕೊಳ್ಳಿ" ಅಂತ ಹಕ್ಕುಪತ್ರ ಬರೆದುಕೊಟ್ಟರು. ಜಮೀನು ಅವರದ್ದೇ. ಉಳಿದ ದಿನ ದನ ಮೇಯಿಸಿಕೊಂಡರು. ಐದು ದಿನ ನೀರು ನಿಂತರೆ ಹುಲ್ಲು ಸಾಯುವುದಿಲ್ಲ. ದುಡ್ಡು ಕೇಂದ್ರ ಸರ್ಕಾರದ್ದು, ನೋಡಿಕೊಳ್ಳುವ ಹೊಣೆ ಊರಿನ ಸಂಸ್ಥೆಯದ್ದು. ಇಲ್ಲಿ ಆ ಸಂಸ್ಥೆ ಅಪ್ಪರ್ ಬ್ರಶಿ ಕ್ರೀಕ್ ಡಿಸ್ಟ್ರಿಕ್ಟ್. ಮನೆ ಕೊಂಡ ಮೇಲೆ ನಿಮ್ಮ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಅದರ ಹೆಸರಿನ ಒಂದು ಸಣ್ಣ ಮೊತ್ತ ಬರುತ್ತದೆ ನೋಡಿ, ಅದು ಇದಕ್ಕೇ. ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿಗಳಿದ್ದಂತೆ ಇವಕ್ಕೆ ಆ ಡಿಸ್ಟ್ರಿಕ್ಟ್.

ಈಗ ಏಜೆಂಟ್ ಮಾತಿಗೆ ಬರೋಣ. ಈ ಡ್ಯಾಂಗಳನ್ನು ಬಹುಮಟ್ಟಿಗೆ 50 ವರ್ಷದ ಆಯಸ್ಸಿಟ್ಟು ವಿನ್ಯಾಸ ಮಾಡಿದ್ದರು. ಹಿಂದಿನ ಹೊಂಡದಲ್ಲಿ ಹೂಳಿಗೆ ಅಂತಲೇ ಬಿಟ್ಟ ಜಾಗ ಅಷ್ಟು ವರ್ಷಕ್ಕೆ ತುಂಬಬಹುದು ಅನ್ನುವ ಲೆಕ್ಕ. ಐವತ್ತಾದ ಮಾರನೇ ದಿನ ಡ್ಯಾಂ ಕುಸಿಯುತ್ತದೆ ಅಂತೇನಲ್ಲ. ಆದರೆ "ಅರವತ್ತು ವರ್ಷ ಏನೂ ಆಗಿಲ್ಲ" ಅನ್ನುವುದು ಧೈರ್ಯ ಕೊಡುವ ಮಾತಲ್ಲ, "ಹಾಗಾದರೆ ಕೊನೆಗೆ ಯಾವಾಗ ರಿಪೇರಿ ಆಯಿತು?" ಅಂತ ಕೇಳಬೇಕಾದ ಮಾತು. ನಿಮ್ಮ ತಂದೆಯವರಿಗೆ ಒಂದು ಉದಾಹರಣೆ ಚೆನ್ನಾಗಿ ಗೊತ್ತಿರುತ್ತದೆ. ಶಿರಾದಿಂದ ಆಚೆಗೆ ಹಿರಿಯೂರಿನ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ "ಈ ಕೋಡಿ ಯಾಕೆ, ಸುಮ್ನೆ ದಂಡ" ಅಂತ ಯಾರಾದರೂ ಅದನ್ನು ಮುಚ್ಚಿಬಿಟ್ಟಿದ್ದರೆ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳೇ ಇದು. ಡ್ಯಾಂ ಇದ್ದಲ್ಲೇ ಇದೆ, ಊರು ಅದರ ಕೆಳಗೆ ಬಂದು ಕೂತಿದೆ. 1960ರಲ್ಲಿ ರೌಂಡ್ ರಾಕ್‌ನ ಜನಸಂಖ್ಯೆ 1,878. 2020ರಲ್ಲಿ 1,19,468. ಆಗ ಏರಿ ಒಡೆದರೆ ಹಾಳಾಗುತ್ತಿದ್ದದ್ದು ಹತ್ತಿ ಹೊಲ, ಒಂದು ಬೇಲಿ, ಹೆಚ್ಚೆಂದರೆ ಒಂದು ಮಣ್ಣಿನ ರಸ್ತೆ. ಅಂಥ ಜಾಗಕ್ಕೆ ಕಡಿಮೆ ಖರ್ಚಿನಲ್ಲಿ, ಚಿಕ್ಕ ಕೋಡಿ ಇಟ್ಟು ಕಟ್ಟುವುದು ಸರಿಯಾದ ಲೆಕ್ಕವೇ ಆಗಿತ್ತು. ಮಣ್ಣಿನ ಡ್ಯಾಂನ ಅಪಾಯದ ದರ್ಜೆಯನ್ನು ಡ್ಯಾಂ ಎಷ್ಟು ಗಟ್ಟಿ ಅನ್ನುವುದರ ಮೇಲೆ ಹೇಳುವುದಿಲ್ಲ. ಒಡೆದರೆ ಕೆಳಗೆ ಏನಿದೆ ಅನ್ನುವುದರ ಮೇಲೆ ಹೇಳುತ್ತಾರೆ. ಕೆಳಗೆ ಮನೆಗಳಿದ್ದು ಜೀವ ಹೋಗಬಹುದಾದರೆ ಅದು "ಹೈ ಹಜಾರ್ಡ್". ಹೊಲಕ್ಕೆ ಅಂತ ಕಟ್ಟಿದ ಡ್ಯಾಂ ಒಂದು ಹಿಡಿ ಮಣ್ಣೂ ಕದಲದೆ ಈ ದರ್ಜೆಗೆ ಏರಿಬಿಡುತ್ತದೆ. ಏರಿದ ಮೇಲೆ ಅದರ ಕೋಡಿ ಆ ಸೀಮೆಯಲ್ಲಿ ಊಹಿಸಬಹುದಾದ ಅತಿ ದೊಡ್ಡ ಮಳೆಯ ಹತ್ತಿರಕ್ಕೆ ತಡೆಯಬೇಕು. ಥ್ರಾಲ್ ಮಳೆ ನೆನಪಿದೆಯಲ್ಲ, ಅಂಥದ್ದು.

ಇನ್ನೊಂದು ಕಡೆ, ಮೇಲ್ಗಡೆ ಹುಲ್ಲುಗಾವಲು ಹೋಗಿ ರಸ್ತೆ, ಛಾವಣಿ, ಪಾರ್ಕಿಂಗ್ ಬಂದಿದ್ದರೆ ಡ್ಯಾಂಗೆ ಬರುವ ನೀರೂ ಜಾಸ್ತಿಯಾಗಿರುತ್ತದೆ, ಬೇಗ ಬರುತ್ತದೆ. ಎರಡೂ ಕಡೆಯಿಂದ ಒತ್ತಡ.

ಇದಕ್ಕಾಗಿಯೇ 2000ದಲ್ಲಿ ಹಳೆಯ ಡ್ಯಾಂಗಳ ಪುನಶ್ಚೇತನಕ್ಕೆ ಬೇರೆ ಕಾಯ್ದೆ ಬಂತು. ಏರಿ ಎತ್ತರಿಸುವುದು, ಕೋಡಿ ಅಗಲ ಮಾಡುವುದು, ಏರಿಯ ಮೇಲೆಯೇ ಕಾಂಕ್ರೀಟ್ ಹಾಸಿ ನೀರು ಹತ್ತಿ ಹರಿದರೂ ಮಣ್ಣು ಕೊಚ್ಚದಂತೆ ಮಾಡುವುದು, ಹಳೆಯ ಕೊಳವೆ ಬದಲಿಸುವುದು. ನಿಮ್ಮ ಡಿಸ್ಟ್ರಿಕ್ಟ್ ಕೂಡ ಒಂದೊಂದಾಗಿ ಈ ಕೆಲಸ ಮಾಡಿಸುತ್ತಾ ಬಂದಿದೆ. ನಿಮ್ಮ ಮನೆಯ ಮೇಲಿನ ಡ್ಯಾಂಗೆ ಅದು ಆಗಿದೆಯೋ ಇಲ್ಲವೋ ಅನ್ನುವುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಈಗ ತೇವ. ಇಲ್ಲಿ ಸ್ವಲ್ಪ ನಿಲ್ಲೋಣ.

ಮಣ್ಣಿನ ಏರಿ ಸಾಯುವ ದಾರಿ ಮುಖ್ಯವಾಗಿ ಎರಡು. ಒಂದು, ನೀರು ತಲೆಯ ಮೇಲೆ ಹತ್ತಿ ಹರಿಯುವುದು. ಇನ್ನೊಂದು, ಒಳಗಿನಿಂದ ಕೊರೆಯುವುದು. ಜಗತ್ತಿನ ಮಣ್ಣಿನ ಡ್ಯಾಂ ಅನಾಹುತಗಳಲ್ಲಿ ಇವೆರಡರ ಪಾಲು ಹೆಚ್ಚುಕಡಿಮೆ ಸಮ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಹೊರಗಿನವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮಣ್ಣಿನ ಏರಿ ಜಿನುಗುವುದು ಸಹಜ. ಜಿನುಗದ ಮಣ್ಣು ಇಲ್ಲ. ಪ್ರಶ್ನೆ ಇರುವುದು ನೀರು ಬರಿಗೈಯಲ್ಲಿ ಬರುತ್ತದೋ, ಮಣ್ಣು ಹೊತ್ತು ಬರುತ್ತದೋ ಅನ್ನುವುದರಲ್ಲಿ. ಹೊತ್ತು ಬಂದರೆ ಒಳಗೆ ಒಂದು ಸಣ್ಣ ಸುರಂಗ ಹುಟ್ಟುತ್ತಿದೆ ಅಂತ ಅರ್ಥ. ಅದು ಆಚೆ ಬದಿಯಿಂದ ಶುರುವಾಗಿ ನೀರಿನ ಕಡೆಗೆ ಹಿಂದಕ್ಕೆ ಕೊರೆಯುತ್ತಾ ಹೋಗುತ್ತದೆ. ನೀರಿಗೆ ತಲುಪಿದ ಮೇಲೆ ಕೆಲವು ಗಂಟೆಯ ಮಾತು.

ಅದಕ್ಕೆ ನೋಡುವ ಕ್ರಮ ಹೀಗೆ. ದೊಡ್ಡ ಕೊಳವೆ ಹೊರಬರುವ ಕಡೆ ಅಕ್ಕಪಕ್ಕದಲ್ಲಿ ಸಣ್ಣ ಪೈಪುಗಳ ಬಾಯಿ ಕಾಣುತ್ತದಾ ನೋಡಿ. ಅದರಿಂದ ತಿಳಿನೀರು ಸಣ್ಣಗೆ ಬರುತ್ತಿದ್ದರೆ ಅದು ಬಸಿಗಾಲುವೆ, ಬರಲಿ ಅಂತಲೇ ಇಟ್ಟದ್ದು. ತೇವ ಅದರ ಕೆಳಗಿನದಾದರೆ ಚಿಂತೆ ಬಿಡಿ. ಬೇರೆ ಕಡೆ ಇದ್ದರೆ ಬೇಲಿಯ ಹೊರಗಿನಿಂದಲೇ ನೋಡಿ. ಹುಲ್ಲು ಅಲ್ಲಿ ಮಾತ್ರ ದಟ್ಟ ಹಸಿರಾಗಿದೆಯಾ? ಮಳೆ ನಿಂತು ವಾರವಾದರೂ ನೀರು ಒಸರುತ್ತಿದೆಯಾ? ಮೇಲೆ ನೀರು ಏರಿದಾಗ ಇದೂ ಏರುತ್ತದಾ? ಒಸರುವ ಬಾಯಿಯ ಸುತ್ತ ನುಣ್ಣನೆ ಮರಳು ಪುಟ್ಟ ಗೋಪುರದಂತೆ ಕೂತಿದೆಯಾ? ಈ ಕೊನೆಯದು ಕಂಡರೆ ತಡ ಮಾಡದೆ ಡಿಸ್ಟ್ರಿಕ್ಟ್‌ಗೆ ಫೋನ್ ಮಾಡಿ. ಅವರು ಬಂದಾಗ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಲಿ. ತಳದಲ್ಲಿ ಒಂದು ಗೆರೆಯಷ್ಟು ಮಣ್ಣು ಕೂತರೂ ವಿಷಯ ಗಂಭೀರ.

ಆ ನೀರು ಸಾಮಾನ್ಯವಾಗಿ ಯಾವ ದಾರಿ ಹಿಡಿಯುತ್ತದೆ? ಕೊಳವೆಯ ಪಕ್ಕದ್ದು. ಏರಿಯ ಮಣ್ಣನ್ನು ದೊಡ್ಡ ರೋಲರ್ ತುಳಿದು ಗಟ್ಟಿ ಮಾಡಿರುತ್ತದೆ. ದುಂಡನೆಯ ಪೈಪಿನ ಹೊಟ್ಟೆಯ ಕೆಳಗೆ ರೋಲರ್ ಹೋಗುವುದಿಲ್ಲ. ಅಲ್ಲಿ ಮಣ್ಣು ಸ್ವಲ್ಪ ಸಡಿಲ. 1960ರ ಕಾಲದಲ್ಲಿ ಪೈಪಿಗೆ ಅಲ್ಲಲ್ಲಿ ಕಾಂಕ್ರೀಟ್ ಕಾಲರ್ ಹಾಕುತ್ತಿದ್ದರು, ನೀರಿಗೆ ಸುತ್ತು ಹಾಕಿಸಲು. ಕಾಲರ್ ಸುತ್ತಲೂ ತುಳಿಯುವುದು ಇನ್ನೂ ಕಷ್ಟವಾಯಿತು. 1980ರ ದಶಕದ ನಡುವಿನಿಂದ ಆ ಪದ್ಧತಿ ಬಿಟ್ಟು, ಪೈಪಿನ ಸುತ್ತ ಮರಳಿನ ಗೋಡೆಯನ್ನೇ ಕೂರಿಸತೊಡಗಿದರು. ಮರಳಿನ ಕಾಳಿನ ಅಳತೆ ಸರಿಯಾಗಿದ್ದರೆ ಅದು ನಮ್ಮ ಕಾಫಿ ಫಿಲ್ಟರಿನ ಹಾಗೆ. ನೀರು ಇಳಿಯುತ್ತದೆ, ಪುಡಿ ಅಲ್ಲೇ ನಿಲ್ಲುತ್ತದೆ. ಮಣ್ಣು ಹೊರಗೆ ಹೋಗದಿದ್ದರೆ ಸುರಂಗ ಬೆಳೆಯುವುದಿಲ್ಲ. ಮಣ್ಣಿನ ಡ್ಯಾಂ ವಿಷಯದಲ್ಲಿ ಕಳೆದ ನೂರು ವರ್ಷದಲ್ಲಿ ಕಲಿತ ಅತಿ ಮುಖ್ಯ ಪಾಠ ಯಾವುದು ಅಂತ ನನ್ನನ್ನು ಕೇಳಿದರೆ ಈ ಮರಳಿನ ಪಟ್ಟಿ ಅನ್ನುತ್ತೇನೆ. ನೋಡಲು ಅದರಷ್ಟು ಸಪ್ಪೆ ಇನ್ನೊಂದಿಲ್ಲ.

ಒಕ್ಲಹೋಮಾ, ಮಿಸಿಸಿಪಿ ಕಡೆ ಇದೇ ಬಳಗದ ಕೆಲವು ಡ್ಯಾಂಗಳು ಮೊದಲ ಸಲ ನೀರು ನಿಂತಾಗಲೇ ತೂತುಬಿದ್ದವು. ಗಟ್ಟಿ ಜೇಡಿಮಣ್ಣಿನ ಏರಿ, ಕೆಲಸದಲ್ಲಿ ಲೋಪವಿಲ್ಲ, ಆದರೂ ತೂತು. ಕಾರಣ ಮಣ್ಣಿನ ಗುಣದಲ್ಲೇ ಇತ್ತು. ಸೋಡಿಯಂ ಜಾಸ್ತಿ ಇರುವ ಜೇಡಿ ನೀರು ತಾಗಿದ ಕೂಡಲೇ ತಾನಾಗಿ ಕದಡಿಕೊಳ್ಳುತ್ತದೆ. ನೀರು ಹರಿಯಬೇಕೆಂದೇನೂ ಇಲ್ಲ. ಅದನ್ನು ಪತ್ತೆ ಮಾಡುವ ಪರೀಕ್ಷೆ ಅಡುಗೆಮನೆಯಲ್ಲೇ ಮಾಡಬಹುದು. ಒಂದು ಲೋಟದಲ್ಲಿ ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ, ನಲ್ಲಿ ನೀರು ಬೇಡ, ಅದರ ಉಪ್ಪು ಫಲಿತಾಂಶ ಕೆಡಿಸುತ್ತದೆ. ಕಡಲೆಕಾಳಿನ ಗಾತ್ರದ ಹಸಿ ಮಣ್ಣಿನ ಉಂಡೆಯನ್ನು ಮೆಲ್ಲಗೆ ತಳಕ್ಕೆ ಬಿಡಿ. ಕೆಲವು ನಿಮಿಷ ಕಾಯಿರಿ. ಉಂಡೆ ಕುಸಿದು ನೀರು ತಿಳಿಯಾಗೇ ಉಳಿದರೆ ಬಹುಶಃ ಸರಿ, ಖಚಿತಕ್ಕೆ ಲ್ಯಾಬ್ ಪರೀಕ್ಷೆ ಬೇಕು. ಉಂಡೆಯ ಸುತ್ತ ಹಾಲಿನ ಬಣ್ಣದ ಮೋಡ ಎದ್ದು ತಳದಲ್ಲೆಲ್ಲ ಹರಡಿದರೆ ಆ ಮಣ್ಣಿಗೆ ಸುಣ್ಣವೋ ಜಿಪ್ಸಮ್ಮೋ ಬೆರೆಸದೆ ಏರಿ ಹಾಕಬಾರದು.

ನಮ್ಮವರಿಗೆ ಇದರ ವಾಸನೆ ಮೊದಲೇ ಸಿಕ್ಕಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ಅಲ್ಲಿನ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಿಂದ ನೀರು ಸೋರುವುದು ಅದರಲ್ಲಿ ಒಂದು. ಸೌಳು ಮಣ್ಣು ಇನ್ನೊಂದು. ನಿಮ್ಮ ತಂದೆಯವರ ಕಣ್ಣು ತೇವದ ಮೇಲೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರೌಂಡ್ ರಾಕ್‌ನಿಂದ ಪೂರ್ವಕ್ಕೆ ಇರುವುದು ಅಪ್ಪಟ ಎರೆಮಣ್ಣು, ನಮ್ಮ ಗದಗ, ಧಾರವಾಡದ ಮಣ್ಣಿನ ಜಾತಿಯೇ. ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಏರಿಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಕಂಡರೆ ಅಷ್ಟು ಭಯ ಬೇಡ, ಏರಿಗೆ ಅಡ್ಡಲಾಗಿ ಬಿರುಕು ಹೋಗಿದ್ದರೆ ಅದು ನೀರಿಗೆ ಸಿದ್ಧವಾದ ದಾರಿ. ಏರಿಯ ಮೇಲೆ ಮರ ಇರಬಾರದು, ಬೇರು ಕೊಳೆತರೆ ಅದೂ ಕೊಳವೆಯೇ. ನಮ್ಮ ಕಡೆ ಏರಿ ಮೇಲೆ ಹೊಂಗೆ, ಜಾಲಿ ಬೆಳೆಸಿ ನೆರಳಲ್ಲಿ ಕೂರುವುದು ರೂಢಿ. ಕಡಿಯಿರಿ ಅಂದರೆ ಬೈಸಿಕೊಳ್ಳಬೇಕು. ಟೆಕ್ಸಸ್‌ನಲ್ಲಿ ಕಾಡುಹಂದಿ ಏರಿ ಕೆದರುತ್ತದೆ, ನಮ್ಮಲ್ಲಿ ಹೆಗ್ಗಣ, ಏಡಿ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಡ್ಯಾಂ ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತಾಗ ಮಂತ್ರಿಯೊಬ್ಬರು ಏಡಿಗಳ ಮೇಲೆ ಹೊರಿಸಿದರು. ದೇಶವೇ ನಕ್ಕಿತು. ಪ್ರಾಣಿಗಳ ಬಿಲ ಏರಿಗೆ ಅಪಾಯ ಅನ್ನುವುದು ಸುಳ್ಳಲ್ಲ. ಆದರೆ ಬಿಲ ಮುಚ್ಚುವುದು, ಸೋರಿಕೆ ಕಂಡಾಗ ಓಡಿಬರುವುದು ಏಡಿಯ ಕೆಲಸವಲ್ಲವಲ್ಲ.

ಹಾಗಾದರೆ ಮನೆ? ಡ್ಯಾಂ ಇದೆ ಅನ್ನುವ ಒಂದೇ ಕಾರಣಕ್ಕೆ ನಾನು ಬೇಡ ಅನ್ನುವುದಿಲ್ಲ. ಆ ಹಳ್ಳದಲ್ಲಿ ಡ್ಯಾಂ ಇಲ್ಲದಿದ್ದರೆ ನಿಮ್ಮ ಮನೆಯ ಅಪಾಯ ಪ್ರತಿ ದೊಡ್ಡ ಮಳೆಗೂ ಜಾಸ್ತಿಯಾಗಿರುತ್ತಿತ್ತು. ಆದರೆ ಸಹಿ ಹಾಕುವ ಮೊದಲು ಇಷ್ಟು ಮಾಡಿ. ಅಮೆರಿಕದ ರಾಷ್ಟ್ರೀಯ ಡ್ಯಾಂ ಪಟ್ಟಿ ಇಂಟರ್ನೆಟ್‌ನಲ್ಲಿ ತೆರೆದೇ ಇದೆ. ನಕ್ಷೆಯ ಮೇಲೆ ನಿಮ್ಮ ಡ್ಯಾಂ ಹುಡುಕಿ, ಅದರ ಅಪಾಯದ ದರ್ಜೆ, ಕಟ್ಟಿದ ವರ್ಷ ನೋಡಿ. "ಹೈ ಹಜಾರ್ಡ್" ಅಂತ ಕಂಡರೆ ಹೆದರಬೇಡಿ, ಅದರ ಅರ್ಥ ಕೆಳಗೆ ನಿಮ್ಮಂಥವರು ಇದ್ದೀರಿ ಅಂತ ಅಷ್ಟೇ. ಆಮೇಲೆ ಡಿಸ್ಟ್ರಿಕ್ಟ್ ಕಚೇರಿಗೆ ಬರೆಯಿರಿ. ಈಚಿನ ತಪಾಸಣೆ ಯಾವಾಗ, ಏನು ಕಂಡಿತು? ಕೋಡಿ, ಕೊಳವೆ ಆಧುನೀಕರಣ ಆಗಿದೆಯಾ, ಇಲ್ಲದಿದ್ದರೆ ಯಾವ ವರ್ಷಕ್ಕೆ ಇದೆ? ತುರ್ತು ಯೋಜನೆಯಲ್ಲಿ ಒಡೆದರೆ ನೀರು ಹರಡುವ ನಕ್ಷೆ ಇರುತ್ತದೆ, ಅದರಲ್ಲಿ ನಿಮ್ಮ ಬೀದಿ ಬರುತ್ತದಾ? ತೇವ ಕಂಡ ಜಾಗದ ಫೋಟೋ ಕೂಡ ಅದರ ಜೊತೆ ಕಳಿಸಿ. ಉತ್ತರ ನೇರವಾಗಿ ಬಂದರೆ ಮುಂದುವರಿಯಿರಿ. ನಕ್ಷೆಯೊಳಗೆ ನಿಮ್ಮ ಬೀದಿ ಇದ್ದು, ಆಧುನೀಕರಣ ಆಗಿರದೆ, ಯಾವಾಗ ಅಂತ ಅವರೂ ಹೇಳದಿದ್ದರೆ ನಾನಾಗಿದ್ದರೆ ಬೇರೆ ಮನೆ ನೋಡುತ್ತಿದ್ದೆ.

ಸರ್ಕಾರದ ಪ್ರವಾಹ ನಕ್ಷೆ ತೋರಿಸಿ "ನಿಮ್ಮ ಮನೆ ವಲಯದ ಹೊರಗಿದೆ" ಅಂದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಆ ನಕ್ಷೆ ಮಳೆಯ ಪ್ರವಾಹದ್ದು. ಡ್ಯಾಂ ಒಡೆದರೆ ಮುಳುಗುವ ಜಾಗ ಅದರಲ್ಲಿ ಬರುವುದಿಲ್ಲ. ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ, ಬೇರೆಯೇ ತೆಗೆದುಕೊಳ್ಳಬೇಕು. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನದ ನಂತರ ಜಾರಿಗೆ ಬರುತ್ತದೆ. ಮೋಡ ಕಟ್ಟಿದ ಮೇಲೆ ಓಡಿದರೆ ಆಗುವುದಿಲ್ಲ. ವಲಯದ ಹೊರಗಿನ ಮನೆಗೂ ಇದು ಸಿಗುತ್ತದೆ, ತಗೊಂಡುಬಿಡಿ.

ಕೊನೆಗೆ ನಿಮ್ಮೂರಿನ ಹಳ್ಳ. ಇದನ್ನು ಹಾಗೇ ಎತ್ತಿ ಅಲ್ಲಿ ಇಟ್ಟರೆ ನಡೆಯುವುದಿಲ್ಲ. ಎಂಜಿನಿಯರಿಂಗ್ ತೊಡಕಲ್ಲ ಅದು. ಬರದ ತಾಲ್ಲೂಕಿನಲ್ಲಿ ಏರಿ ಕಟ್ಟಿ, "ಇದು ಖಾಲಿಯಾಗೇ ಇರಲಿ" ಅಂದರೆ ಊರು ಒಪ್ಪುತ್ತದಾ? ಮೊದಲ ವರ್ಷವೇ ಗೋಪುರದ ಬಾಯಿಗೆ ಕಲ್ಲು, ಮರಳುಮೂಟೆ ಬೀಳುತ್ತದೆ, ನೀರು ನಿಲ್ಲಲಿ ಅಂತ. ಎರಡು ವರ್ಷ ಮಳೆ ಕೈಕೊಟ್ಟರೆ ಒಳಗಿನ ಜಾಗದಲ್ಲಿ ಯಾರೋ ರಾಗಿ ಬಿತ್ತಿರುತ್ತಾರೆ. ಮೂರನೇ ವರ್ಷ ಅವರಿಗೆ ಪಹಣಿಯೂ ಬೇಕು. ಬೈಯುತ್ತಿಲ್ಲ, ನೀರಿಗೆ ಅಷ್ಟು ಬರ ಇರುವ ಕಡೆ ಜನ ಹಾಗೆ ಮಾಡುವುದು ಸಹಜ.

ಅದಕ್ಕಿಂತ ಇರುವ ಕೆರೆಯನ್ನೇ ನೋಡಿ. ತುಂಬಿದ ಕೆರೆಯೂ ಪ್ರವಾಹವನ್ನು ಒಂದಿಷ್ಟು ತಗ್ಗಿಸುತ್ತದೆ, ಕೋಡಿಯ ಮಟ್ಟದ ಮೇಲೆ ನೀರು ಏರಿ ನಿಂತು ಇಳಿಯುವಷ್ಟು ಹೊತ್ತು. ಆದರೆ ಅದಕ್ಕೆ ಕೋಡಿ ಪೂರ್ತಿ ತೆರೆದಿರಬೇಕು. ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಸಿಮೆಂಟ್ ಕಟ್ಟೆ ಎತ್ತರಿಸಿದ್ದರೆ ಮೊದಲು ಅದನ್ನು ತೆಗೆಸಿ. ಅಷ್ಟು ಎತ್ತರ ಏರಿಯ ಸುರಕ್ಷತೆಯಿಂದ ಕಿತ್ತುಕೊಂಡದ್ದು. ಕೋಡಿಯಿಂದ ಹಳ್ಳಕ್ಕೆ ಹೋಗುವ ಕಾಲುವೆಯನ್ನು ಉತ್ತು ಹೊಲ ಮಾಡಿಕೊಂಡಿದ್ದಾರಾ ನೋಡಿ. ನಿಮ್ಮೂರಿನಲ್ಲಿ ಹೊಲ ಕೊಚ್ಚುತ್ತಿರುವುದಕ್ಕೆ ಅರ್ಧ ಕಾರಣ ಅಲ್ಲೇ ಇರಬಹುದು. ಮೇಲ್ಗಡೆ ಹೊಲಗಳಲ್ಲಿ ಬದು ಸರಿಮಾಡಿಸಿ, ಅದಕ್ಕೆ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದೆಯಾ ಅಂತ ಪಂಚಾಯ್ತಿಯಲ್ಲಿ ಕೇಳಿ. ಅಮೆರಿಕದವರೂ ಮೊದಲು ಮಾಡಿದ್ದು ಬದು ಹಾಕುವುದನ್ನೇ. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಾದರೆ ಪಂಚಾಯ್ತಿ ಕಡೆ, ಜಾಸ್ತಿಯಾದರೆ ಸಣ್ಣ ನೀರಾವರಿ ಇಲಾಖೆ ಕಡೆ ಅರ್ಜಿ ಕೊಡಿ. ನಿಮ್ಮ ತಂದೆಯವರು ಊರಿಗೆ ಹೋದ ಮೇಲೆ ಮಳೆಗಾಲಕ್ಕೆ ಮುಂಚೆ, ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ, ಕೋಡಿಯಿಂದ ಹಳ್ಳದವರೆಗೆ ಒಮ್ಮೆ ನಡೆದು ನೋಡಲಿ. ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದು ಆ ದಾರಿಯಲ್ಲೇ ಸಿಗುತ್ತದೆ.